ಬೆಂಕಿ ಹಾಕಿದ್ರೆ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತಂತೆ ಆಸ್ಟ್ರೇಲಿಯಾದಲ್ಲಿ, ನಿಜಾನಾ? ನಮ್ಮ ಬಿಳಿಗಿರಿ ಕಡೆ ಆಗುತ್ತಾ?

ಕಾಡಂಚು_ಯಳಂದೂರು

ಎಲ್ಲರಿಗೂ ನಮಸ್ಕಾರ. ನಮ್ಮೂರು ಯಳಂದೂರು ತಾಲ್ಲೂಕು, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲೇ ಇರೋದು. ಹೋದ ವಾರ ಪೋಡಿಂದ, ಅಂದ್ರೆ ಸೋಲಿಗರ ಹಾಡಿಯಿಂದ, ಜೇನು ತಂದಿದ್ದ ಸೋಲಿಗರ ತಾತ ಒಬ್ರು ನಮ್ಮನೆ ಜಗಲಿ ಮೇಲೆ ಕೂತು ಕಾಫಿ ಕುಡೀತಾ ಹಳೇದೆಲ್ಲಾ ಹೇಳ್ತಿದ್ರು. ಅವರಪ್ಪನ ಕಾಲದಲ್ಲಿ ಸಂಕ್ರಾಂತಿ ಆಸುಪಾಸು ತರಗು ಬೆಂಕಿ ಹಾಕ್ತಿದ್ರಂತೆ, ಉರಿ ಮೊಣಕಾಲು ದಾಟ್ತಿರಲಿಲ್ಲವಂತೆ, ಉದುರಿದ್ದ ತರಗೆಲೆ ಸುಟ್ಟು ಸಂಜೆ ಹೊತ್ತಿಗೆ ತಾನೇ ಆರೋಗ್ತಿತ್ತಂತೆ. ನೆಲ್ಲಿ ಮರದ ಮೇಲೆ ಬೆಳೆಯೋ ಬಂದಳಿಕೆ ಇದೆಯಲ್ಲ, ಅವರು ಉಪ್ಪಿಲು ಅಂತಾರೆ, ಅದೂ ಆ ಶಾಖಕ್ಕೆ ಸಾಯ್ತಿತ್ತಂತೆ. ಈಗ ಬೆಂಕಿ ಹಾಕಂಗಿಲ್ಲ, ಉಪ್ಪಿಲು ಹತ್ತಿ ನೆಲ್ಲಿ ಒಣಗ್ತಾ ಇದಾವೆ, ಕೆಳಗೆಲ್ಲಾ ಲಂಟಾನ ತುಂಬ್ಕೊಂಡದೆ, ಯಾರೋ ಎಲ್ಲೋ ಒಂದು ಕಡ್ಡಿ ಗೀರಿದ್ರೆ ಮರದ ನೆತ್ತಿವರೆಗೂ ಹೋಗ್ತದೆ ಅಂತ ತುಂಬಾ ಬೇಜಾರು ಮಾಡ್ಕೊಂಡ್ರು.

ಇದನ್ನ ಕೇಳ್ತಿದ್ದ ನನ್ನ ಅಕ್ಕನ ಮಗ ಹೇಳ್ದ, ಮಾವ ಆಸ್ಟ್ರೇಲಿಯಾದಲ್ಲಿ ಅಲ್ಲಿಯ ಮೂಲನಿವಾಸಿಗಳು ಇದೇ ಥರ ಕಾಡಿಗೆ ಬೆಂಕಿ ಹಾಕ್ತಾರೆ, ಅದಕ್ಕೆ ಸರ್ಕಾರಾನೇ ಕಾರ್ಬನ್ ಕ್ರೆಡಿಟ್ ಕೊಡುತ್ತೆ, ಕಂಪನಿಗಳು ದುಡ್ಡು ಕೊಟ್ಟು ತಗೋತವೆ ಅಂತ. ನಂಗೆ ಅರ್ಥವೇ ಆಗ್ಲಿಲ್ಲ. ಸುಟ್ರೆ ಹೊಗೆ ಬರ್ತದೆ, ಹೊಗೆ ಅಂದ್ರೇನೇ ಕಾರ್ಬನ್ ಅಲ್ವಾ, ಅದಕ್ಕೆ ಯಾಕೆ ದುಡ್ಡು ಕೊಡ್ತಾರೆ? ದುಡ್ಡು ಯಾರ ಕೈಗೆ ಹೋಗುತ್ತೆ, ಜನಕ್ಕಾ ಇಲಾಖೆಗಾ ಇಲ್ಲಾ ಮಧ್ಯದೋರಿಗಾ? ನಮ್ಮ ಕಡೆ ಪೋಡಿನವರಿಗೆ ಇಂಥದ್ದು ಮಾಡ್ಕೊಡೋಕೆ ಆಗುತ್ತಾ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ನಾನು ತಾತಂಗೆ ವಿಚಾರಿಸಿ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ.

ತಿಪಟೂರು_ಟು_ಡಾರ್ವಿನ್

ನಮಸ್ಕಾರ ಸಾರ್. ನಾನು ತಿಪಟೂರಿನವನು, ಆಸ್ಟ್ರೇಲಿಯಾದ ಉತ್ತರದ ಡಾರ್ವಿನ್‌ಗೆ ಬಂದು ಒಂಬತ್ತು ವರ್ಷ ಆಯ್ತು, ಮ್ಯಾಪಿಂಗ್ ಕೆಲಸ, ಅದರಲ್ಲಿ ಸುಟ್ಟ ಜಾಗದ ಮ್ಯಾಪೂ ಬರುತ್ತೆ. ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ. ಆದ್ರೆ "ಬೆಂಕಿ ಹಾಕಿದ್ರೆ ದುಡ್ಡು" ಅಲ್ಲ, ದೊಡ್ಡ ಬೆಂಕಿ ಬೀಳದ ಹಾಗೆ ಮಾಡಿದ್ರೆ ದುಡ್ಡು.

ಇಲ್ಲಿಯ ಉತ್ತರ ಭಾಗದಲ್ಲಿ ನಮ್ಮ ಹಾಗೆ ಜೂನ್‌ನಲ್ಲಿ ಮಳೆ ಅಲ್ಲ, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಆ ಮಳೆಗೆ ಹುಲ್ಲು ಆಳು ಮುಳುಗೋಷ್ಟು ಎತ್ತರ ಬೆಳೆಯುತ್ತೆ, ಜೋಳದ ಜಾತಿಯ ಕಾಡು ಹುಲ್ಲು, ಏಪ್ರಿಲ್ ಕೊನೆಯಲ್ಲಿ ಗಾಳಿ ಮಳೆ ಬಂದು ಅದನ್ನೆಲ್ಲಾ ನೆಲಕ್ಕೆ ಮಲಗಿಸುತ್ತೆ. ಮೇ ಜೂನ್‌ನಲ್ಲಿ ಮೇಲೆ ಒಣಗಿರುತ್ತೆ, ಬುಡ ಇನ್ನೂ ಹಸಿ, ರಾತ್ರಿ ಇಬ್ಬನಿ. ಆಗ ಬೆಂಕಿ ಕೊಟ್ರೆ ಮೆಲ್ಲಗೆ ಹರಿದು ಒಂದಷ್ಟು ಸುಟ್ಟು ಒಂದಷ್ಟು ಬಿಟ್ಟು ಆರುತ್ತೆ. ಆಗಸ್ಟ್ ಕಳೆದ್ಮೇಲೆ ಹಾಗಲ್ಲ. ಎಲ್ಲಾ ಕರಕಲು ಒಣಗಿರುತ್ತೆ, ಬಿಸಿ ಗಾಳಿ, ಅಕ್ಟೋಬರ್ ಹೊತ್ತಿಗೆ ಒಣ ಸಿಡಿಲು. ಆಗ ಹತ್ತಿದ ಬೆಂಕಿ ವಾರಗಟ್ಟಲೆ ಉರಿದು ನೂರಾರು ಕಿಲೋಮೀಟರ್ ತಿಂದು ಹಾಕುತ್ತೆ. ಮೊದಲೇ ಅಲ್ಲಲ್ಲಿ ಸುಟ್ಟು ಪಟ್ಟಿ ಪಟ್ಟಿ ಮಾಡಿಟ್ಟಿದ್ರೆ ದೊಡ್ಡ ಬೆಂಕಿ ಬಂದು ಅಲ್ಲಿ ನಿಲ್ಲುತ್ತೆ, ಇಷ್ಟೇ ವಿಷಯ.

ಈಗ ನಿಮ್ಮ ಹೊಗೆ ಪ್ರಶ್ನೆ. ಹುಲ್ಲು ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡನ್ನ ಅವರು ಲೆಕ್ಕಕ್ಕೇ ತಗೊಳಲ್ಲ, ಯಾಕಂದ್ರೆ ಮುಂದಿನ ಮಳೆಗೆ ಹುಲ್ಲು ಚಿಗುರಿ ಅಷ್ಟನ್ನೂ ವಾಪಸ್ ಎಳ್ಕೊಳುತ್ತೆ. ಲೆಕ್ಕಕ್ಕೆ ಬರೋದು ಅದರ ಜೊತೆ ಬರೋ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್. ಇವನ್ನ ಹುಲ್ಲು ವಾಪಸ್ ಎಳ್ಕೊಳಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನು 28 ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ, ನೈಟ್ರಸ್ ಆಕ್ಸೈಡ್ ಆದ್ರೆ 265. ಮುಂಚೆ ವರ್ಷಕ್ಕೆ ಸರಾಸರಿ ಇವು ಎಷ್ಟು ಹೋಗ್ತಿದ್ವು, ಈಗ ಎಷ್ಟು ಹೋಗ್ತಿವೆ, ಆ ವ್ಯತ್ಯಾಸಕ್ಕೆ ಕ್ರೆಡಿಟ್. ಹೀಗೆ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತಿರುಗಿಸಿದ ಒಂದು ಟನ್ನಿಗೆ ಒಂದು ಕ್ರೆಡಿಟ್. 2011ರಲ್ಲಿ ಇದಕ್ಕೆ ಕಾಯ್ದೆ ಬಂತು, 2012ರಲ್ಲಿ ಸವನ್ನಾ ಬೆಂಕಿಗೆ, ಅಂದ್ರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರ ಇರೋ ಇಂಥ ಕಾಡಿನ ಬೆಂಕಿಗೆ ಅಂತಾನೇ ಲೆಕ್ಕದ ಮೊದಲ ವಿಧಾನ ಬಂತು. ಜುಲೈ 31 ಗಡಿ, ಅದಕ್ಕೆ ಮುಂಚೆ ಸುಟ್ಟಿದ್ದು ಒಂದು ಲೆಕ್ಕ, ಆಮೇಲೆ ಸುಟ್ಟಿದ್ದು ಬೇರೆ ಲೆಕ್ಕ.

ಇದು ಶುರುವಾದ ಕತೆ ಮಾತ್ರ ನೀವು ತಾತಂಗೆ ಹೇಳಲೇಬೇಕು. ಪಶ್ಚಿಮ ಆರ್ನ್ಹೆಮ್ ಲ್ಯಾಂಡ್ ಅಂತ ಒಂದು ಕಲ್ಲುಬೆಟ್ಟದ ಸೀಮೆ ಇದೆ. ಅಲ್ಲಿಯ ಜನ ಹೋದ ಶತಮಾನದಲ್ಲಿ ಕ್ರೈಸ್ತ ಮಿಷನ್‌ಗಳಿಗೆ, ಟೌನ್‌ಗಳಿಗೆ ಇಳಿದು ಹೋದ್ರು. ಬೆಟ್ಟ ಖಾಲಿ ಆಯ್ತು. ಕಾಲಕಾಲಕ್ಕೆ ಸಣ್ಣ ಬೆಂಕಿ ಹಾಕೋರು ಇಲ್ದೆ ಪ್ರತಿ ವರ್ಷ ಕೊನೆಗಾಲದ ದೊಡ್ಡ ಬೆಂಕಿ ಬೀಳೋಕೆ ಶುರುವಾಯ್ತು. ಲಾಫ್ಟಿ ಬರ್ದಾಯಲ್ ನಜಮೆರೆಕ್ ಅಂತ ಹಿರಿಯರು, ದೊಡ್ಡ ಚಿತ್ರಕಾರರೂ ಹೌದು, 2002ರಲ್ಲಿ ತಮ್ಮ ಕುಟುಂಬ ಕಟ್ಕೊಂಡು ಕಬುಲ್ವರ್ನಮ್ಯೋ ಅನ್ನೋ ತಮ್ಮ ಹಳೇ ಜಾಗಕ್ಕೆ ವಾಪಸ್ ಹೋಗಿ ನೆಲೆ ನಿಂತ್ರು. ಅವರಂಥ ಹಿರಿಯರಿಗೆ ಗೊತ್ತಿದ್ದದ್ದನ್ನ, ಯಾವ ಹೊಳೆ ಪಕ್ಕ ಯಾವಾಗ, ಯಾವ ಗಾಳಿಗೆ ಅನ್ನೋದನ್ನ, ವಿಜ್ಞಾನಿಗಳು ಕೂತು ಅಳೆದ್ರು. 2006ರಲ್ಲಿ ಡಾರ್ವಿನ್‌ನ ಗ್ಯಾಸ್ ಘಟಕದ ಕಂಪನಿ ವರ್ಷಕ್ಕೆ ಕನಿಷ್ಠ 1 ಲಕ್ಷ ಟನ್ ಉಳಿಸಿಕೊಡಿ, ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೊಡ್ತೀವಿ ಅಂತ 17 ವರ್ಷಕ್ಕೆ ಒಪ್ಪಂದ ಮಾಡ್ಕೊಂಡ್ತು. ಜಾಗ ಸುಮಾರು 28,000 ಚದರ ಕಿಲೋಮೀಟರ್. ಆಗಿನ್ನೂ ಕ್ರೆಡಿಟ್ ಕಾಯ್ದೆಯೇ ಇರಲಿಲ್ಲ, ಕಾಯ್ದೆ ಆಮೇಲೆ ಇವರನ್ನ ನೋಡ್ಕೊಂಡು ಬಂತು. ಈಗ ಅಲ್ಲಿ ಜಾಗದ ಒಡೆಯರೇ ಕಟ್ಟಿಕೊಂಡಿರೋ ಲಾಭ ಇಲ್ಲದ ಕಂಪನಿ ಇದೆ, ಕ್ರೆಡಿಟ್ ಮಾರೋದು ಅದೇ, ದುಡ್ಡು ಹೋಗೋದು ರೇಂಜರ್ ತಂಡಗಳಿಗೆ, ಅಂದ್ರೆ ನಮ್ಮ ಇಲಾಖೆ ರೇಂಜರ್ ಅಲ್ಲ, ಕಾಡು ನೋಡ್ಕೊಳೋ ಅಲ್ಲಿಯ ಜನರದ್ದೇ ತಂಡ.

ಮೂರು ವರ್ಷದ ಹಿಂದೆ ಜೂನ್‌ನಲ್ಲಿ ಒಂದು ತಂಡದ ಜೊತೆ ನಾಲ್ಕು ದಿನ ಹೋಗಿದ್ದೆ. ರೇಂಜರ್ ಒಬ್ರು ಬಗ್ಗಿ ಹುಲ್ಲಿನ ಕಡ್ಡಿ ಬುಡದಲ್ಲಿ ಹಿಡಿದು ಮುರಿಯೋಕೆ ನೋಡಿದ್ರು, ಅದು ಮುರೀಲಿಲ್ಲ, ಬಾಗ್ತು, ತಲೆ ಆಡಿಸಿ ಮುಂದೆ ನಡೆದ್ರು. ಅರ್ಧ ಕಿಲೋಮೀಟರ್ ಹೋಗಿ ಇನ್ನೊಂದು ಕಡ್ಡಿ ಹಿಡಿದ್ರು, ಲಟಕ್ ಅಂತ ಮುರೀತು, ಆಗ ಡ್ರಿಪ್ ಟಾರ್ಚ್, ಅಂದ್ರೆ ಉರಿಯೋ ಎಣ್ಣೆ ತೊಟ್ಟಿಕ್ಕೋ ಡಬ್ಬಿ, ಬಗ್ಗಿಸಿ ಸಾಲಾಗಿ ತೊಟ್ಟಿಕ್ಕಿಸ್ತಾ ಹೋದ್ರು. ಉರಿ ಪಾದದಿಂದ ಮೊಣಕಾಲಿಗೆ ಬಂತು ಅಷ್ಟೇ, ಮಿಡತೆಗಳೆಲ್ಲಾ ಹಾರಿ ಹಾರಿ ಮುಂದೆ ಬೀಳ್ತಿದ್ವು, ಅವನ್ನ ಹಿಡಿಯೋಕೆ ಮೇಲೆ ಗಿಡುಗಗಳು ಸುತ್ತುತ್ತಿದ್ವು. ರಾತ್ರಿ ಇಬ್ಬನಿಗೆ ಆರಿತು. ಬೆಳಿಗ್ಗೆ ಹೋಗಿ ನೋಡಿದ್ರೆ ನೆಲ ಚಿರತೆ ಮೈ ಥರ, ಕಪ್ಪು ಮಚ್ಚೆ, ನಡುವೆ ಸುಡದೇ ಉಳಿದ ಹುಲ್ಲು. ನಡೆದು ಹೋಗಕ್ಕಾಗದ ಕಡೆ ಹೆಲಿಕಾಪ್ಟರ್. ಚಿಕ್ಕ ಪ್ಲಾಸ್ಟಿಕ್ ಗುಂಡು, ಒಳಗೆ ಪೊಟ್ಯಾಶಿಯಂ ಪರ್ಮಾಂಗನೇಟು, ನಮ್ಮೂರಲ್ಲಿ ಬಾವಿಗೆ ಹಾಕ್ತಿದ್ರಲ್ಲ ಅದೇ ನೇರಳೆ ಪುಡಿ. ಮಷೀನು ಅದಕ್ಕೆ ಗ್ಲೈಕಾಲ್ ಅನ್ನೋ ದ್ರವ ಚುಚ್ಚಿ ಕೆಳಗೆ ಬಿಡುತ್ತೆ, ನೆಲಕ್ಕೆ ಬಿದ್ದು ಸ್ವಲ್ಪ ಹೊತ್ತಿಗೆ ತಾನೇ ಹೊತ್ಕೊಳುತ್ತೆ.

ನೀವು ತರಗು ಬೆಂಕಿ ಬಗ್ಗೆ ಬರೆದಿದ್ದು ಓದಿ ನಂಗೆ ಆ ಬೆಳಿಗ್ಗೇನೇ ಕಣ್ಣಿಗೆ ಕಟ್ಟಿತು ಸಾರ್.

ಸುಮಾ_ಧಾರವಾಡ

ನಾ ಧಾರವಾಡದಾಗ ರಿಮೋಟ್ ಸೆನ್ಸಿಂಗ್ ಓದಾಕತ್ತೀನಿ, ಇದು ನನ್ನ ಇಷ್ಟದ ವಿಷಯ, ಹಂಗಾಗಿ ಲೆಕ್ಕದ್ದು ಸ್ವಲ್ಪ ಹೇಳ್ತೀನ್ರಿ.

ಸುಟ್ಟ ಜಾಗ ಎಷ್ಟು ಅನ್ನೋದು ಸ್ಯಾಟಲೈಟ್ ಚಿತ್ರದಿಂದ ಬರ್ತದ. ಆದ್ರ ಸ್ಯಾಟಲೈಟ್‌ಗೆ ಒಂದು ಚೌಕ ಕಪ್ಪಾಗಿ ಕಂಡ್ರ ಅದರೊಳಗ ಪೂರಾ ಸುಟ್ಟೈತಿ ಅಂತೇನಿಲ್ಲ. ಅವರು ನೆಲದ ಮ್ಯಾಲ ನಡದು ಅಳದಾರ, ಮೊದಲ ಹಂಗಾಮಿನ ಬೆಂಕಿಯಾಗ ಆ ಕಪ್ಪು ಜಾಗದೊಳಗ ನೂರಕ್ಕ ಸುಮಾರು 70 ಅಷ್ಟ ಸುಟ್ಟಿರ್ತದ, ಕಡೀ ಹಂಗಾಮಿಂದಾದ್ರ 90ರ ಹತ್ತಿರ. ಅದಕ್ಕ ಅಲ್ಲಿ ಎಷ್ಟು ಹುಲ್ಲು ತರಗು ಕಟಗಿ ಕೂಡಿತ್ತು, ಹಿಂದ ಯಾವ ವರ್ಷ ಸುಟ್ಟಿತ್ತು, ಅದರಾಗ ಎಷ್ಟು ಪಾಲು ಉರೀತದ, ಎಷ್ಟು ಮೀಥೇನ್ ಬರ್ತದ ಅಂತ ಒಂದರ ಮ್ಯಾಲೊಂದು ಗುಣಿಸ್ಕೋತ ಹೋಗೂದು. ಮಳಿ ಜಾಸ್ತಿ ಇರೋ ಕಡೆ, ಅಂದ್ರ ವರ್ಷಕ್ಕ 1000 ಮಿಲಿಮೀಟರ್ ದಾಟೋ ಕಡೆ, ಯೋಜನಾ ಶುರುವಾಗೂ ಮೊದಲಿನ 10 ವರ್ಷದ ಸರಾಸರಿ ತಗೋತಾರ. 600ರಿಂದ 1000 ಇರೋ ಕಡೆ 15 ವರ್ಷದ್ದು. ಆರ್ನ್ಹೆಮ್ ಯೋಜನಾದಾಗ ಮೊದಲ 7 ವರ್ಷಕ್ಕ ಈ ಹೊಗಿ ಲೆಕ್ಕ ಹಳೇ ಸರಾಸರಿಗಿಂತ ಶೇಕಡಾ 37.7 ಇಳದಿತ್ತು, ಇದು ಭಾಳ ದೊಡ್ಡ ಮಾತು.

ಈಗ ಯಳಂದೂರಿನ ಅಣ್ಣಾರ ಕೇಳಿದ್ದಕ್ಕ ಬರ್ತೀನಿ. 28,000 ಚದರ ಕಿಲೋಮೀಟರ್‌ಗೆ 1 ಲಕ್ಷ ಟನ್ ಅಂದ್ರ ಒಂದು ಚದರ ಕಿಲೋಮೀಟರ್‌ಗೆ ಮೂರೂವರಿ ಟನ್ ಚಿಲ್ಲರ. ಬಿಳಿಗಿರಿ ಅಭಯಾರಣ್ಯ ಪೂರಾ ಹಿಡದ್ರೂ 540 ಚದರ ಕಿಲೋಮೀಟರ್. ಅದೇ ಲೆಕ್ಕ ಹಚ್ಚಿದ್ರ ವರ್ಷಕ್ಕ 1,900 ಟನ್ ಆಗ್ತದ. 2015ರಾಗ ಆಸ್ಟ್ರೇಲಿಯಾ ಸರ್ಕಾರ ಮೊದಲ ಹರಾಜಿನಾಗ ಕೊಟ್ಟ ಸರಾಸರಿ ರೇಟು ಟನ್ನಿಗೆ 13.95 ಡಾಲರ್. ಅಂದ್ರ 26-27 ಸಾವಿರ ಡಾಲರ್, ನಮ್ಮ ದುಡ್ಡಿನಾಗ 15 ಲಕ್ಷದ ಆಸುಪಾಸು. ಈಗ ರೇಟು ಅದರ ಎರಡರಷ್ಟಕ್ಕಿಂತ ಮ್ಯಾಲೈತಿ ಅಂತ ಹಿಡದ್ರೂ 30-35 ಲಕ್ಷ. ಅದರಾಗ ಅಳತಿ, ಆಡಿಟ್, ಕೂಲಿ ಎಲ್ಲಾ ಕಳೀಬೇಕು. ಮತ್ತ ಬಿಳಿಗಿರಿಯಾಗ ಪ್ರತಿ ವರ್ಷ ಅಲ್ಲಿಯಷ್ಟು ಪಾಲು ಜಾಗ ಸುಡಂಗಿಲ್ಲ, ಮೊದಲ ಕಡಿಮಿ ಸುಡ್ತಿದ್ರ ಉಳಿಸೂದರ ಎಲ್ಲಿಂದ ಬರಬೇಕು? ಅದಕ್ಕ ಈ 15 ಲಕ್ಷ ಅನ್ನೂದ ಹೆಚ್ಚಾತು ಅನ್ನಸ್ತದ ನನಗ. ದುಡ್ಡಿನ ಆಸೆ ಹಚ್ಚಿ ಆ ಹಿರಿಯರನ್ನ ಎಬ್ಬಿಸಬ್ಯಾಡ್ರಿ ಅಣ್ಣಾ, ಆಮ್ಯಾಲ ನಿರಾಶಿ ಆದ್ರ ಅವರ ಮನಸ್ಸು ಮುರೀತದ.

ಹಳೇ_ಗಾರ್ಡು

ನಾನು ಕಾಡಿನ ಕೆಲಸದಲ್ಲೇ 31 ವರ್ಷ ಕಳೆದು ರಿಟೈರ್ ಆದವನು. ಒಂದೆರಡು ಮಾತು.

ಇಲಾಖೆಯವರು ಬೆಂಕಿ ಹಾಕೋದೇ ಇಲ್ಲ ಅಂತ ತಿಳ್ಕೋಬೇಡಿ. ನಾವು ಬೆಂಕಿ ರೇಖೆ ಅಂತ ದಾರಿ ಪಕ್ಕ, ಗಡಿ ಪಕ್ಕ ಪೊದೆ ಕಡಿದು ಡಿಸೆಂಬರ್ ಜನವರಿಯಲ್ಲಿ ಇಬ್ಬನಿ ಇರೋವಾಗಲೇ ಸುಡ್ತಿದ್ವಿ. ಈಗ ಬ್ಲೋಯರ್ ಬಂದಿದೆ, ತರಗು ಊದಿ ಪಕ್ಕಕ್ಕೆ ತಳ್ತಾರೆ. ಅಂದ್ರೆ ಬೇಗ ಸುಟ್ರೆ ಒಳ್ಳೇದು ಅನ್ನೋದು ನಮಗೂ ಗೊತ್ತು, ರೇಖೆಯಲ್ಲಿ ಮಾತ್ರ ಮಾಡ್ತೀವಿ, ಒಳಗೆ ಮಾಡಲ್ಲ. ವನ್ಯಜೀವಿ ಕಾಯ್ದೆ 1972ರ 30ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಬೆಂಕಿ ಹಚ್ಚೋದು ಅಪರಾಧ. ದಯವಿಟ್ಟು ಈ ಚರ್ಚೆ ಓದ್ಕೊಂಡು ಯಾರೂ ಕಡ್ಡಿಪೆಟ್ಟಿಗೆ ಹಿಡ್ಕೊಂಡು ಹೊರಡಬೇಡಿ.

ಇನ್ನೊಂದು, ತಾತ ಹೇಳಿದ ತರಗು ಬೆಂಕಿ ಲಂಟಾನ ಇಲ್ಲದ ಕಾಲದ್ದು. ಬಿಳಿಗಿರಿಯಲ್ಲಿ 1997ರಲ್ಲಿ ಅಳೆದಾಗ ನೂರು ತಾಕಲ್ಲಿ ಸುಮಾರು 40ರಲ್ಲಿ ಲಂಟಾನ ಇತ್ತು, 2008ಕ್ಕೆ 80 ಆಗಿತ್ತು. ಲಂಟಾನ ಮರಕ್ಕೆ ಏಣಿ ಹಾಕಿದಂಗೆ, ನೆಲದ ಬೆಂಕೀನ ಅದೇ ಮೇಲಕ್ಕೆ ಹತ್ತಿಸುತ್ತೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದಾಗ ನೋಡಿದ್ರಲ್ಲ. ನಾನು ಕೆಲಸಕ್ಕಿದ್ದ ಒಂದು ಕಡೆ, ಹೆಸರು ಬೇಡ, ಮಾರ್ಚ್ ತಿಂಗಳಲ್ಲಿ ಲಂಟಾನಕ್ಕೆ ಹತ್ತಿದ ಬೆಂಕಿ ಆರಿಸೋಕೆ ನಮ್ಮನ್ನ ಹಸಿ ಸೊಪ್ಪು ಕೊಟ್ಟು ಕಳಿಸಿದ್ರು. ಸೊಪ್ಪಿನ ಕೊಂಬೆ, ಎರಡು ಬಾಟ್ಲು ನೀರು, ಅಷ್ಟೇ. ಗಾಳಿ ತಿರುಗಿ ಉರಿ ನಮ್ಮ ಕಡೆ ಬಂತು. ನಮ್ಮ ಜೊತೆ ಇದ್ದ ಫೈರ್ ವಾಚರ್ ಒಬ್ಬರು ಸೋಲಿಗರು, ಅವರು ಕೂಗಿ, ಸುಟ್ಟು ಕರಿ ಆಗಿರೋ ಕಡೆಗೆ ನುಗ್ಗಿ ಅಂದ್ರು. ಉರಿ ದಾಟ್ಕೊಂಡು ಬೂದಿಗೆ ನುಗ್ಗಿದ್ವಿ. ಕೈ ಮೇಲೆ ಬೊಬ್ಬೆ ಎದ್ವು, ಜೀವ ಉಳೀತು. ನಂಗೆ ಟ್ರೈನಿಂಗಲ್ಲಿ ಹೇಳಿಕೊಡದೇ ಇದ್ದಿದ್ದನ್ನ ದಿನಗೂಲಿಗೆ ಬರೋ ಮನುಷ್ಯ ಹೇಳಿದ್ರು. ಅವತ್ತಿಂದ ಈ ವಿಚಾರದಲ್ಲಿ ಅವರ ಮಾತು ಕೇಳ್ದೆ ನಾನೊಂದು ಹೆಜ್ಜೆ ಇಟ್ಟಿಲ್ಲ.

ತೇಜಸ್ವಿನಿ_ಬಿ

ಎಲ್ಲಾ ಸರಿ, ಆದ್ರೆ ಒಂದು ಪ್ರಶ್ನೆ ಯಾರೂ ಎತ್ತಲಿಲ್ಲ. ಗ್ಯಾಸ್ ಕಂಪನಿ ಹೊಗೆ ಬಿಡ್ತಾನೇ ಇರುತ್ತೆ, ಆದಿವಾಸಿಗಳು ಬೆಟ್ಟದ ಮೇಲೆ ಬೆವರು ಸುರಿಸಿ ಅದನ್ನ ಸರಿದೂಗಿಸಬೇಕು, ಇದು ನ್ಯಾಯಾನಾ? ಕಂಪನಿ ತನ್ನ ಹೊಗೆ ತಾನು ಕಮ್ಮಿ ಮಾಡ್ಕೊಳೋ ಬದಲು ಅಗ್ಗದಲ್ಲಿ ಕ್ರೆಡಿಟ್ ಕೊಂಡು ಕೈ ತೊಳ್ಕೊಳುತ್ತೆ. ಭೂಮಿಯ ಒಳಗಿಂದ ತೆಗೆದ ಗ್ಯಾಸು ವಾಪಸ್ ಹೋಗಲ್ಲ, ಹುಲ್ಲು ಮಾತ್ರ ಮತ್ತೆ ಬೆಳೆಯುತ್ತೆ. ಎರಡನ್ನ ಒಂದೇ ತಕ್ಕಡಿಯಲ್ಲಿ ಹಾಕೋದು ನಂಗೆ ಒಪ್ಪಿಗೆ ಇಲ್ಲ.

ತಿಪಟೂರು_ಟು_ಡಾರ್ವಿನ್

ತೇಜಸ್ವಿನಿ ಅವರೇ, ನಿಮ್ಮ ಮಾತು ತಳ್ಳಿ ಹಾಕೋಕೆ ಆಗಲ್ಲ. ಗ್ಯಾಸ್ ಘಟಕ ವರ್ಷಕ್ಕೆ ಬಿಡೋ ಹೊಗೇಲಿ ಆ 1 ಲಕ್ಷ ಟನ್ ಒಂದು ಸಣ್ಣ ಪಾಲು. 2023ರಿಂದ ಇಲ್ಲಿ ದೊಡ್ಡ ಕಾರ್ಖಾನೆಗಳಿಗೆ ವರ್ಷ ವರ್ಷ ಮಿತಿ ಇಳಿಸ್ತಾ ಹೋಗೋ ನಿಯಮ ಬಿಗಿ ಆಗಿದೆ, ಮಿತಿ ಮೀರಿದ್ದಕ್ಕೆ ಅವರು ಕ್ರೆಡಿಟ್ ಕೊಳ್ಳಲೇಬೇಕು, ಹಾಗಾಗಿ ಬೇಡಿಕೆ ಏರಿದೆ. ಆದ್ರೂ ನನ್ನ ಅಭಿಪ್ರಾಯ ಹೇಳ್ತೀನಿ. ಆ ದುಡ್ಡು ಬರದೇ ಇದ್ದಿದ್ರೂ ಬೆಟ್ಟಕ್ಕೆ ಆ ಬೆಂಕಿ ಬೇಕಾಗಿತ್ತು. ಆ ಕಲ್ಲುಬೆಟ್ಟದ ಕಣಿವೆಗಳಲ್ಲಿ ಅನ್ಬಿನಿಕ್ ಅಂತ ಒಂದು ದೊಡ್ಡ ಮರ ಇದೆ, ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಕೊನೆಗಾಲದ ಬೆಂಕಿ ಅದರ ತೋಪುಗಳನ್ನ ಅಂಚಿಂದ ಅಂಚಿಗೆ ತಿಂತಾ ಬರ್ತಿತ್ತು. ಈಗ ರೇಂಜರ್‌ಗಳು ಒಂದೊಂದು ತೋಪಿನ ಸುತ್ತಾನೂ ನಡ್ಕೊಂಡು ಹೋಗಿ ಮೊದಲೇ ಪಟ್ಟಿ ಸುಡ್ತಾರೆ. ಕಬುಲ್ವರ್ನಮ್ಯೋದಲ್ಲಿ 2015ರಲ್ಲಿ ಶಾಲೆ ಶುರುವಾಗಿದೆ, ಮಕ್ಕಳು ಬೆಟ್ಟದ ಮೇಲೇ ಇದ್ದು ತಮ್ಮ ಭಾಷೆಯಲ್ಲೂ ಇಂಗ್ಲಿಷಲ್ಲೂ ಕಲೀತಾರೆ. ಬೆಂಕಿ ನೋಡ್ಕೊಳೋ ಕೆಲಸಕ್ಕೆ ಸಂಬಳ ಇರೋದ್ರಿಂದ ತಾನೇ ಅಪ್ಪ ಅಮ್ಮ ಅಲ್ಲಿ ಉಳಿಯೋಕೆ ಆಗಿರೋದು.

ಇಲ್ಲೂ ತೊಂದರೆ ಇದೆ. ಲಂಟಾನದ ಥರ ಇಲ್ಲಿಗೆ ಗಾಂಬಾ ಅಂತ ಆಫ್ರಿಕಾದ ಹುಲ್ಲು, ದನಕ್ಕೆ ಅಂತ ತಂದಿದ್ದು, ನಾಲ್ಕು ಮೀಟರ್ ಎತ್ತರ ಬೆಳೆಯುತ್ತೆ, ಅದು ಹೊಕ್ಕ ಕಡೆ ಬೆಂಕಿ ಮರಾನೇ ಸುಡುತ್ತೆ. ಗಾಂಬಾ ಹಬ್ಬಿದ ಜಾಗ ಕ್ರೆಡಿಟ್ ಲೆಕ್ಕಕ್ಕೆ ಸೇರಲ್ಲ. ಗಾರ್ಡ್ ಸಾರ್ ಹೇಳಿದ ಏಣಿ ಮಾತು ಓದಿದಾಗ ಇದೇ ನೆನಪಾಯ್ತು. ಲಂಟಾನ ಕಿತ್ತ ಮೇಲೆ ತಾನೇ ತರಗು ಬೆಂಕಿ.

ಆದ್ರೆ ಯಳಂದೂರು ಸಾರ್, ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹುಲ್ಲಲ್ಲೂ ಇಲ್ಲ, ಮಳೇಲೂ ಇಲ್ಲ. ಆರ್ನ್ಹೆಮ್ ಲ್ಯಾಂಡ್ 1976ರ ಕಾಯ್ದೆ ಪ್ರಕಾರ ಅಲ್ಲಿಯ ಜನರದ್ದೇ ಜಮೀನು, ಮಾರೋ ಹಾಗಿಲ್ಲ, ಯಾರೂ ಕಿತ್ಕೊಳೋ ಹಾಗೂ ಇಲ್ಲ. ಯಾರು ಬೆಂಕಿ ಹಾಕಬೇಕು, ಎಲ್ಲಿ ಹಾಕಬಾರದು ಅಂತ ತೀರ್ಮಾನ ಮಾಡೋರೂ ಅವರೇ, ಹೊಗೆ ಉಳಿಸಿದ ಲೆಕ್ಕ ಮಾರೋರೂ ಅವರೇ. ನಮ್ಮಲ್ಲಿ ಜಾಗ ಇಲಾಖೆಯದ್ದು. 2023ರಲ್ಲಿ ಭಾರತದಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟಿಗೆ ನಿಯಮ ಬಂದಿದೆ, ಆದ್ರೆ ಕಾಡಿನ ಬೆಂಕಿಗೆ ಈ ಥರ ಲೆಕ್ಕದ ವಿಧಾನ ಅದರಲ್ಲಿಲ್ಲ. ಬಿಳಿಗಿರಿಯ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತಲ್ಲ, ದೇಶದ ಹುಲಿ ಮೀಸಲು ಕಾಡುಗಳಲ್ಲಿ ಮೊದಲು ಸಿಕ್ಕಿದ್ದು ಅಲ್ಲೇ, ಆ ಹಕ್ಕುಪತ್ರದಲ್ಲಿ ಕಾಡನ್ನ ಕಾಯೋದು, ನೋಡ್ಕೊಳೋದು ಗ್ರಾಮಸಭೆ ಕೆಲಸ ಅಂತ ಏನು ಬರೆದಿದೆ, ಅಲ್ಲಿಂದ ಶುರು ಮಾಡಿ. ಕ್ರೆಡಿಟ್ ಆಮೇಲಿನ ಮಾತು.

ಸುಮಾ_ಧಾರವಾಡ

ಅದಕ್ಕ ಒಂದು ಕೆಲಸ ನಾವ ಮಾಡಬಹುದು ಅಣ್ಣಾ. ಹಳೇ ಸ್ಯಾಟಲೈಟ್ ಚಿತ್ರ ಪುಕ್ಕಟೆ ಸಿಗ್ತಾವ. ಬಿಳಿಗಿರಿಯಾಗ ಯಾವ ವರ್ಷ ಎಲ್ಲಿ ಸುಟ್ಟೈತಿ, ಫೆಬ್ರವರಿ ಒಳಗೋ ಏಪ್ರಿಲ್‌ದಾಗೋ, ನಾ ಮ್ಯಾಪ್ ಮಾಡಿ ಕೊಡ್ತೀನಿ. ಅಜ್ಜಾರು ಹಳೇದು ಹೇಳಿದ್ರ ಎರಡೂ ಕೂಡಿಸಿ ನೋಡಬಹುದು. ಆರ್ನ್ಹೆಮ್‌ದಾಗೂ ಶುರುವಿಗೆ ಇದನ್ನ ಮಾಡ್ಯಾರ.

ಹಳೇ_ಗಾರ್ಡು

ಒಳ್ಳೇ ಕೆಲಸ ತಾಯಿ. ಬೆಂಕಿ ರೇಖೆ ಎಲ್ಲೆಲ್ಲಿ ಹೋಗುತ್ತೆ ಅಂತ ನಂಗೆ ಇನ್ನೂ ಬಾಯಿಗೆ ಬರುತ್ತೆ, ಬೇಕಾದ್ರೆ ಕೂತು ಗುರುತು ಹಾಕಿ ಕೊಡ್ತೀನಿ. ರೇಖೆ ಸುಟ್ಟಿದ್ದನ್ನ ಕಾಡ್ಗಿಚ್ಚು ಅಂತ ಲೆಕ್ಕ ಹಾಕಿಬಿಟ್ಟೀರಿ, ಅದು ನೋಡ್ಕೋಬೇಕು.

ಕಾಡಂಚು_ಯಳಂದೂರು

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ನಿನ್ನೆ ಪೋಡಿಗೆ ಹೋಗಿದ್ದೆ. ತಾತಂಗೆ ಎಲ್ಲಾ ಓದಿ ಹೇಳ್ದೆ, ದುಡ್ಡಿನ ವಿಚಾರ ಸುಮಾ ಅವರು ಹೇಳಿದಂಗೆ ಇದ್ದದ್ದು ಇದ್ದಂಗೇ ಹೇಳ್ದೆ, ಅದಕ್ಕೆ ಅವರು ಹೂಂ ಅಂದ್ರು ಅಷ್ಟೇ. ಹುಲ್ಲಿನ ಕಡ್ಡಿ ಮುರಿದು ನೋಡೋದು ಓದಿದಾಗ ಮಾತ್ರ ಎದ್ದು ಕೂತ್ರು. ನಾವು ಕಡ್ಡಿ ಮುರೀತಿರಲಿಲ್ಲ ಕಣಪ್ಪ, ಒಂದು ಹಿಡಿ ತರಗು ತಗೊಂಡು ಅಂಗೈಲಿ ಹಿಂಡಿ ನೋಡ್ತಿದ್ವಿ, ಪುಡಿ ಪುಡಿ ಆದ್ರೆ ತಡ ಆಯ್ತು ಅಂತ, ಮಡಚ್ಕೊಂಡ್ರೆ ಇನ್ನೂ ಆಗಿಲ್ಲ ಅಂತ, ಮುರಿದು ಚೂರಾಗಿ ಕೈಗೆ ಅಂಟಿದ್ರೆ ಅವತ್ತೇ ಹಾಕೋದು ಅಂದ್ರು. ಪಕ್ಕದಲ್ಲಿ ಕೂತಿದ್ದ ಅವರ ಮೊಮ್ಮಗಳು, ಕಾಲೇಜಿಗೆ ಹೋಗೋ ಹುಡುಗಿ, ತಾತ ಇದನ್ನ ನಂಗೆ ಯಾವತ್ತೂ ಹೇಳೇ ಇಲ್ವಲ್ಲ ಅಂದ್ಲು. ಬೆಂಕಿನೇ ಹಾಕಂಗಿಲ್ಲ, ಹೇಳಿ ಏನ್ಮಾಡ್ಲಿ ಮಗಳೇ ಅಂದ್ರು.

ಆ ಹುಡುಗಿ ಈಗ ಫೋನಲ್ಲಿ ರೆಕಾರ್ಡ್ ಮಾಡ್ಕೊಳೋಕೆ ಶುರು ಮಾಡಿದಾಳೆ. ಯಾವ ಬೆಟ್ಟ, ಯಾವ ಹಳ್ಳ, ಯಾವ ತಿಂಗಳು ಅಂತ ಜಾಗದ ಹೆಸರು ಸಮೇತ. ಹಕ್ಕುಪತ್ರದ ಜೆರಾಕ್ಸು ಒಂದು ಸಿಕ್ಕಿದೆ, ಇನ್ನೂ ಪೂರ್ತಿ ಓದಿಲ್ಲ. ಸುಮಾ ಅವರೇ, ಮ್ಯಾಪು ಕಳಿಸೋವಾಗ ಸ್ವಲ್ಪ ದೊಡ್ಡದಾಗಿ ಪ್ರಿಂಟ್ ಆಗೋ ಥರ ಕಳ್ಸಿ, ತಾತಂಗೆ ಕಣ್ಣು ಮಂಜು. ಮುಂದಿನ ಗ್ರಾಮಸಭೆಗೆ ತಗೊಂಡು ಹೋಗ್ತೀವಿ, ಗಾರ್ಡ್ ಸಾರ್ ನೀವೂ ಬಂದ್ರೆ ಕರ್ಕೊಂಡು ಹೋಗೋಕೆ ನಾನೇ ಗಾಡಿ ತರ್ತೀನಿ.